ಲೆಕ್ಕಕ್ಕೆ ಬಾರದ ಪಾಲು: ಗಂಡು, ಹೆಣ್ಣು ಮತ್ತು ಅಧಿಕಾರ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿಯೊಬ್ಬನ ಅಧ್ಯಯನ ಲೇಖನ)

ರಾಷ್ಟ್ರೀಯ ಆದಾಯದ ಪಾಠ ಮಾಡುವಾಗ ನಮ್ಮ ಅರ್ಥಶಾಸ್ತ್ರದ ಸರ್ ಒಂದು ಪ್ರಶ್ನೆ ಕೇಳಿದರು. ಒಬ್ಬ ಮನುಷ್ಯ ಸಂಬಳ ಕೊಟ್ಟು ಮನೆಗೆಲಸದವಳನ್ನು ಇಟ್ಟುಕೊಂಡಿದ್ದಾನೆ. ಆ ಸಂಬಳ ದೇಶದ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಮುಂದೆ ಅವನು ಅವಳನ್ನೇ ಮದುವೆಯಾಗುತ್ತಾನೆ. ಅವಳು ಅದೇ ಮನೆಯಲ್ಲಿ ಅದೇ ಅಡುಗೆ ಮಾಡುತ್ತಾಳೆ, ಅದೇ ಪಾತ್ರೆ ತೊಳೆಯುತ್ತಾಳೆ. ಈಗ ಸಂಬಳ ಇಲ್ಲ. ಹಾಗಾದರೆ ದೇಶದ ಆದಾಯ ಏನಾಯಿತು?

ಕಡಿಮೆಯಾಯಿತು ಎಂಬುದೇ ಸರಿ ಉತ್ತರ. ಈ ಉದಾಹರಣೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಷ್ಟು ಹಿಂದೆಯೇ ಕೊಟ್ಟದ್ದು ಎಂದು ಸರ್ ಹೇಳಿದರು. ತರಗತಿಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಸರ್ ಒಂದು ಅಸೈನ್‌ಮೆಂಟ್ ಕೊಟ್ಟರು. ಒಂದು ವಾರ ನಿಮ್ಮ ಮನೆಯ ಪ್ರತಿಯೊಬ್ಬರೂ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಬರೆದುಕೊಂಡು ಬನ್ನಿ ಎಂದರು. ಆ ವಾರದ ಮೇಲೆ ನನಗೆ ನಗು ಬರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಹಾಳೆಯಿಂದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹುಡುಗ. ಈ ಲೇಖನದಲ್ಲಿ ಯಾರಿಗೆ ಲಾಭ ಆಗಿದೆ ಎಂದು ಹೇಳುತ್ತೇನೋ ಆ ಸಾಲಿನಲ್ಲಿ ನಾನೂ ಇದ್ದೇನೆ.

ಅಧಿಕಾರ ಎಂದರೆ ಏನು?

ಹೆಣ್ಣಾಗಿ ಅಥವಾ ಗಂಡಾಗಿ ಹುಟ್ಟುವುದು ದೇಹಕ್ಕೆ ಸಂಬಂಧಿಸಿದ್ದು. ಅದನ್ನು ಸಮಾಜಶಾಸ್ತ್ರದಲ್ಲಿ ಲಿಂಗ ಎನ್ನುತ್ತಾರೆ. ಹೆಣ್ಣು ಹೀಗೆಯೇ ಇರಬೇಕು, ಗಂಡು ಇದನ್ನೇ ಮಾಡಬೇಕು ಎಂದು ಸಮಾಜ ಕಲಿಸುವುದನ್ನು ಲಿಂಗತ್ವ ಎನ್ನುತ್ತಾರೆ. ಮಗುವನ್ನು ಹೆರುವುದು ಮೊದಲನೆಯದು. ಹೆತ್ತವಳೇ ರೊಟ್ಟಿಯನ್ನೂ ಬಡಿಯಬೇಕು ಎನ್ನುವುದು ಎರಡನೆಯದು.

ಅಧಿಕಾರಕ್ಕೆ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಕೊಟ್ಟ ಅರ್ಥ ಸರಳ. ಎದುರಿನವರು ಒಪ್ಪದಿದ್ದರೂ ತನ್ನ ಇಚ್ಛೆಯನ್ನು ನಡೆಸಿಕೊಳ್ಳಬಲ್ಲ ಶಕ್ತಿಯೇ ಅಧಿಕಾರ. ಆದರೆ 1974ರಲ್ಲಿ ಸ್ಟೀವನ್ ಲೂಕ್ಸ್ ಎಂಬ ವಿದ್ವಾಂಸರು ಅಧಿಕಾರಕ್ಕೆ ಮೂರು ಮುಖಗಳಿವೆ ಎಂದು ಬರೆದರು. ನಮ್ಮ ಮನೆಗೆ ಹೊಂದಿಸಿ ಹೇಳುತ್ತೇನೆ.

ಮೊದಲನೆಯದು, ಎದುರುಬದುರು ವಾದವಾದಾಗ ಗೆಲ್ಲುವುದು. ನನ್ನ ಬಾಜಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಚಿತ್ರದುರ್ಗಕ್ಕೆ ಹೋಗಿ ಬಿ.ಕಾಂ. ಓದುತ್ತೇನೆ ಎಂದರು. ಅಬ್ಬಾ ಬೇಡ ಎಂದರು. ಬಾಜಿ ಊರಿನಲ್ಲೇ ಬಿ.ಎ. ಸೇರಿದರು.

ಎರಡನೆಯದು, ವಿಷಯ ಚರ್ಚೆಗೇ ಬಾರದಂತೆ ನೋಡಿಕೊಳ್ಳುವುದು. ನನ್ನ ವಿಷಯದಲ್ಲಿ ಚರ್ಚೆಯಾಗಿದ್ದು ದಾವಣಗೆರೆಯೋ, ಬಳ್ಳಾರಿಯೋ, ಬೆಂಗಳೂರೋ ಎಂದು. ಕಳಿಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಎದುರಿನವರ ಆಸೆಯನ್ನೇ ತಿದ್ದಿಬಿಡುವುದು. ಆಗ ಜಗಳವೇ ಇರುವುದಿಲ್ಲ. ಕಳೆದುಕೊಳ್ಳುವವರೇ ನಗುತ್ತಾ ಸಹಿ ಹಾಕುತ್ತಾರೆ. ಇದಕ್ಕೆ ಉದಾಹರಣೆಯನ್ನು ಮುಂದೆ ಹೇಳುತ್ತೇನೆ.

ಇದು ಮೊದಲಿನಿಂದಲೂ ಹೀಗೆಯೇ ಇತ್ತೇ?

ಗಂಡಸರು ಬಲಶಾಲಿಗಳು, ಅದಕ್ಕೇ ಆಳುತ್ತಾರೆ ಎಂದು ಬಹಳ ಜನ ಹೇಳುತ್ತಾರೆ. ಆದರೆ ನಮ್ಮ ಎಣ್ಣೆ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲಿಯೇ ಎಲ್ಲರಿಗಿಂತ ಬಲಶಾಲಿ. ಗಿರಣಿ ಆಳುವುದು ಗಾದಿಯ ಮೇಲೆ ಕೂತವರು. ದೇಹಬಲವೇ ಅಧಿಕಾರವಾಗಿದ್ದರೆ ಹೀಗಾಗುತ್ತಿರಲಿಲ್ಲ.

1884ರಲ್ಲಿ ಫ್ರೆಡರಿಕ್ ಎಂಗೆಲ್ಸ್ ಇದಕ್ಕೆ ಖಾಸಗಿ ಆಸ್ತಿ ಕಾರಣ ಎಂದು ವಾದಿಸಿದರು. ಆಸ್ತಿ ತನ್ನ ಮಗನಿಗೇ ಹೋಗಬೇಕು ಎಂಬ ಆಸೆಯಿಂದ ಗಂಡಸು ಹೆಂಗಸನ್ನು ಹತೋಟಿಯಲ್ಲಿಟ್ಟ ಎಂಬುದು ಅವರ ಮಾತು. 1970ರಲ್ಲಿ ಎಸ್ಟರ್ ಬೊಸರಪ್ ಎಂಬ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಬೇರೊಂದು ಕಾರಣ ತೋರಿಸಿದರು. ಗುದ್ದಲಿಯ ಬೇಸಾಯವಿದ್ದಲ್ಲಿ ಹೆಂಗಸರು ಹೊಲದ ಮುಖ್ಯ ಕೆಲಸಗಾರರಾಗಿದ್ದರು. ನೇಗಿಲು ಬಂದ ಕಡೆ ಹೊಲ ಗಂಡಸಿನದಾಯಿತು, ಹೆಂಗಸು ಮನೆಯೊಳಗೆ ಹೋದಳು. 1986ರಲ್ಲಿ ಇತಿಹಾಸಕಾರ್ತಿ ಗರ್ಡಾ ಲರ್ನರ್ ಪುರುಷಪ್ರಧಾನ ವ್ಯವಸ್ಥೆ ಒಂದೇ ದಿನ ಬಂದದ್ದಲ್ಲ, ಸಾವಿರಾರು ವರ್ಷಗಳಲ್ಲಿ ಕಟ್ಟಿದ್ದು ಎಂದು ಬರೆದರು. ಈ ಮೂವರ ಕಾರಣಗಳು ಬೇರೆ ಬೇರೆ. ಆದರೆ ಇದು ಮನುಷ್ಯರು ಕಟ್ಟಿದ್ದು, ನಿಸರ್ಗ ಕೊಟ್ಟದ್ದಲ್ಲ ಎಂಬ ಮಾತು ಮೂವರಲ್ಲೂ ಒಂದೇ.

ಬೇರೆ ರೀತಿಯ ಸಮಾಜಗಳೂ ಇದ್ದವು, ಈಗಲೂ ಇವೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಮಿನಾಂಗ್‌ಕಬಾವ್ ಜನ ಮುಸ್ಲಿಮರು. ಅವರಲ್ಲಿ ಮೂಲ ಮನೆ ಮತ್ತು ಗದ್ದೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ಲಕ್ಷದ್ವೀಪದಲ್ಲಿಯೂ ಉತ್ತರ ಕೇರಳದ ಮಾಪಿಳ್ಳೆಯರ ಅನೇಕ ಕುಟುಂಬಗಳಲ್ಲಿಯೂ ತಾಯಿಯ ಕಡೆಯ ವಂಶ ನಡೆದುಬಂತು. ಕಣ್ಣೂರಿನ ಅರಕ್ಕಲ್ ಮನೆತನದಲ್ಲಿ ಹಿರಿಯರು ಹೆಣ್ಣಾಗಿದ್ದಾಗ ಅರಕ್ಕಲ್ ಬೀವಿ ಎಂಬ ಹೆಸರಿನಲ್ಲಿ ಅವರೇ ಆಳಿದರು. ನಮ್ಮ ರಾಜ್ಯದಲ್ಲೇ ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಆದರೆ ಒಂದು ಎಚ್ಚರಿಕೆ ಬೇಕು. ಇಂಥ ಕಡೆಗಳಲ್ಲೂ ಆಸ್ತಿ ಹೆಣ್ಣಿನ ಮೂಲಕ ಹರಿದರೂ ಆಡಳಿತ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು. ಹೆಸರು ಒಬ್ಬರದು, ಕೀಲಿಕೈ ಇನ್ನೊಬ್ಬರದು.

ನಮ್ಮ ಪಕ್ಕದಲ್ಲೇ ಇರುವ ಸಾಕ್ಷಿಯನ್ನೂ ನೋಡೋಣ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆಮಾಡಿದರು. ಹಿರಿಯರ ಮಾತು ಕೇಳಬೇಕು ಎಂದು ಹೇಳುವಾಗ ಆ ಶಾಸನ ತಾಯಿಯನ್ನು ಮೊದಲು, ತಂದೆಯನ್ನು ಆಮೇಲೆ ಹೆಸರಿಸುತ್ತದೆ. ಇದು ಗೌರವ. ಆದರೆ ಆದೇಶ ಹೊರಡಿಸಿದವರು ರಾಜಕುಮಾರ ಮತ್ತು ಮಹಾಮಾತ್ರರು, ಅದನ್ನು ಪಡೆದವರೂ ಮಹಾಮಾತ್ರರು. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಎರಡು ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ ನಮಗೆ ಗುಮಾಸ್ತನ ಹೆಸರು ಗೊತ್ತು. ಆ ದಿನ ಅವನಿಗೆ ಊಟ ಹಾಕಿದವರ ಹೆಸರು ಗೊತ್ತಿಲ್ಲ. ಗೌರವ ಬೇರೆ, ಲೆಕ್ಕಕ್ಕೆ ಬರುವುದು ಬೇರೆ ಎಂದು ನಾನು ಹೇಳುವುದು ಇದನ್ನೇ.

ಮಗ್ಗದ ಹಿಂದೆ ಕೂತವರು

ಅಮ್ಮಿಯ ತವರು ಮೊಳಕಾಲ್ಮುರು. ಚಳ್ಳಕೆರೆಯಲ್ಲಿ ಬಸ್ ಹತ್ತಿದರೆ ತಳಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಹೋಗಬೇಕು. ಮೊಳಕಾಲ್ಮುರು ರೇಷ್ಮೆ ಸೀರೆಯ ಹೆಸರು ಎಲ್ಲರಿಗೂ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಬೇರೆ ಊರಿನಲ್ಲಿ ನೇಯ್ದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ವ್ಯವಹಾರ ಅಧ್ಯಯನದಲ್ಲಿ ನಾವು ಬ್ರ್ಯಾಂಡ್ ಎಂದು ಓದುತ್ತೇವಲ್ಲ, ಇದು ಊರಿಗೇ ಸಿಕ್ಕ ಬ್ರ್ಯಾಂಡ್.

ನಮ್ಮ ನಾನಿ ಅಲ್ಲಿ ಪಕ್ಕದ ಓಣಿಯ ಮಗ್ಗದ ಮನೆಗೆ ಕಂಡಿಕೆ ಸುತ್ತಿಕೊಡುತ್ತಾರೆ. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ರಾಟೆಯಿಂದ ನೂಲು ಸುತ್ತುವ ಕೆಲಸ ಅದು. ಎಳೆ ಸಡಿಲವಾದರೆ ಹೊಕ್ಕು ಸುಕ್ಕಾಗುತ್ತದೆ, ಬಿಗಿಯಾದರೆ ಹರಿಯುತ್ತದೆ. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳು. ಹಾಸು ಮುಗಿದಾಗ ಹೊಸ ಎಳೆಯನ್ನು ಹಳೆಯ ಎಳೆಗೆ ಒಂದೊಂದಾಗಿ ಸೇರಿಸಬೇಕು. ಆ ಮನೆಯಲ್ಲಿ ಅದನ್ನು ಮಾಡುವುದು ಹೆಂಗಸರು. ಮಗ್ಗದ ಗುಂಡಿಯಲ್ಲಿ ಕೂತು ಲಾಳಿ ಎಸೆಯುವವರು ಮಾತ್ರ ‘ನೇಕಾರರು’. ಉಳಿದವರದು ‘ಸಹಾಯ’. ಆ ಮನೆಯ ಅತ್ತೆಯನ್ನು ನಾನು ಒಮ್ಮೆ ‘ನೀವೇನು ಕೆಲಸ ಮಾಡ್ತೀರಿ?’ ಎಂದು ಕೇಳಿದೆ. ಕೈಯಲ್ಲಿ ನೂಲು ಹಿಡಿದುಕೊಂಡೇ ‘ನಾನೇನಪ್ಪ, ಮನೇಲೇ ಇರ್ತೀನಿ’ ಎಂದರು.

ಚಳ್ಳಕೆರೆಯ ಕಂಬಳಿಯ ಕಥೆಯೂ ಹೆಚ್ಚುಕಡಿಮೆ ಇದೇ. ಉಣ್ಣೆ ಹಿಂಜಿ ನೂಲುವುದು ಹೆಂಗಸರ ಕೈ. ಮಗ್ಗಕ್ಕೆ ಕೂರುವುದು, ಸಂತೆಗೆ ಒಯ್ದು ಬೆಲೆ ಕುದುರಿಸುವುದು ಹೆಚ್ಚಾಗಿ ಗಂಡಸರು. ಹಣ ಯಾರ ಕೈಗೆ ಬರುತ್ತದೋ ಕೆಲಸ ಅವರದು ಎನಿಸಿಕೊಳ್ಳುತ್ತದೆ.

ಇಡೀ ದೇಶದ ಅಂಕಿ ನೋಡಿ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ಕೈಮಗ್ಗದ ಕೆಲಸದಲ್ಲಿರುವವರು 35 ಲಕ್ಷಕ್ಕೂ ಹೆಚ್ಚು. ಅವರಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಮಹಿಳೆಯರು. ನೂರಕ್ಕೆ ಸುಮಾರು 72. ಆದರೂ ನೇಕಾರ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗಂಡಸಿನ ಚಿತ್ರ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದಲ್ಲಿ ಇದನ್ನೇ ಕಂಡರು. ಹಳೆಯ ದಾಖಲೆಗಳಲ್ಲಿ ಮದುವೆಯಾದ ಹೆಂಗಸರ ಉದ್ಯೋಗದ ಜಾಗದಲ್ಲಿ ‘ಹೆಂಡತಿ’ ಎಂದಷ್ಟೇ ಬರೆಯುತ್ತಿದ್ದರು. ಅವರು ಹೊಲದಲ್ಲಿ, ಮನೆಯ ಕಸುಬಿನಲ್ಲಿ ದುಡಿಯುತ್ತಿದ್ದರೂ ದಾಖಲೆಯಲ್ಲಿ ದುಡಿಮೆ ಇರಲಿಲ್ಲ. ಗೋಲ್ಡಿನ್ ಆ ಲೆಕ್ಕವನ್ನು ತಿದ್ದಿದರು. ಮೊಳಕಾಲ್ಮುರಿನ ಓಣಿಗೂ ಅಮೆರಿಕದ ಹಳ್ಳಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿಲ್ಲ.

ನಮ್ಮ ಮನೆಯ ಒಂದು ವಾರ

ಈಗ ನನ್ನ ಹಾಳೆಗೆ ಬರುತ್ತೇನೆ. ಅಬ್ಬಾ ಎಣ್ಣೆ ಗಿರಣಿಯಲ್ಲಿ ತೂಕದ ಲೆಕ್ಕ ಬರೆಯುತ್ತಾರೆ. ದಿನಕ್ಕೆ ಹತ್ತು ಗಂಟೆ, ಶೇಂಗಾ ಸುಗ್ಗಿಯಲ್ಲಿ ಇನ್ನೂ ಹೆಚ್ಚು. ಅವರು ದುಡಿಯುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅಮ್ಮಿ ಫಜರ್‌ಗೆ ಎದ್ದರೆ ಮಲಗುವುದು ರಾತ್ರಿ ಹನ್ನೊಂದಕ್ಕೆ. ಅಡುಗೆ, ಪಾತ್ರೆ, ಬಟ್ಟೆ, ನೀರು ಹಿಡಿಯುವುದು, ದಾದಿಯ ಔಷಧಿ ಎಲ್ಲ ಸೇರಿ ದಿನಕ್ಕೆ ಸರಾಸರಿ ಏಳು ಗಂಟೆ ನಲವತ್ತು ನಿಮಿಷ. ಇದರ ಮೇಲೆ ಎರಡು ಗಂಟೆ ಹೊಲಿಗೆ ಯಂತ್ರ. ಬಾಜಿ ಕಾಲೇಜು ಮುಗಿಸಿ ಬಂದು ಮನೆಗೆಲಸಕ್ಕೆ ಮೂರು ಗಂಟೆ. ನಾನು ಹದಿನೆಂಟು ನಿಮಿಷ. ಅದರಲ್ಲಿ ಹೆಚ್ಚಿನದು ಅಂಗಡಿಗೆ ಹೋಗಿ ಬಂದದ್ದು.

ನಮ್ಮ ಮನೆ ವಿಚಿತ್ರವಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುತ್ತಿದ್ದದ್ದು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ನಿಮಿಷ. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು, ಆದರೆ ಗಂಡಸರು ಆ ಹೊರೆಯನ್ನು ತೆಗೆದುಕೊಂಡರು ಎಂದು ಹೇಳುವಂತಿಲ್ಲ. ಅವರದ್ದೂ ಇಳಿದಿದೆ.

ಲೆಕ್ಕಶಾಸ್ತ್ರದಲ್ಲಿ ಹಣದ ಮಾಪನ ಪರಿಕಲ್ಪನೆ ಎಂದು ಓದುತ್ತೇವೆ. ಹಣದಲ್ಲಿ ಅಳೆಯಲಾಗದ್ದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಅಮ್ಮಿಯ ಕೆಲಸಕ್ಕೆ ಬೆಲೆ ಕಟ್ಟಲಾಗದು ಎಂದು ನಾವೆಲ್ಲ ಹೊಗಳುತ್ತೇವೆ. ಬೆಲೆ ಕಟ್ಟಲಾಗದು ಎಂದದ್ದು ಕೊನೆಗೆ ಬೆಲೆ ಇಲ್ಲ ಎಂದೇ ಆಗುತ್ತದೆ. ಆದರೆ ನ್ಯಾಯಾಲಯಗಳು ಬೆಲೆ ಕಟ್ಟಿವೆ. 2001ರ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೆಂಕಿ ದುರಂತದಲ್ಲಿ ತೀರಿಕೊಂಡ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜು ಮಾಡಿ ಪರಿಹಾರ ಲೆಕ್ಕ ಹಾಕಿತು. 2021ರ ಕೀರ್ತಿ ಪ್ರಕರಣದಲ್ಲೂ ಗೃಹಿಣಿಯ ದುಡಿಮೆಗೆ ಆದಾಯ ನಿಗದಿ ಮಾಡಬೇಕು ಎಂದು ಹೇಳಿತು. ಬೇಸರವೆಂದರೆ ಈ ಎರಡೂ ಪ್ರಕರಣಗಳಲ್ಲಿ ಹೆಂಗಸು ಸತ್ತ ಮೇಲೆ ಈ ಲೆಕ್ಕ ತೆರೆಯಿತು.

ಇನ್ನೊಂದು ಖಾತೆ ಇದೆ. ನಮ್ಮ ಮನೆಯ ಮೇಲಿನ ಕೋಣೆ ಕಟ್ಟಿಸಿದ್ದು ಅಮ್ಮಿಯ ಬಳೆಗಳನ್ನು ಮಾರಿ. ವ್ಯಾಪಾರದಲ್ಲಿ ಯಾರಾದರೂ ಹಣ ಹಾಕಿದರೆ ಅವರ ಹೆಸರಿನಲ್ಲಿ ಬಂಡವಾಳ ಖಾತೆ ತೆರೆಯುತ್ತೇವೆ. ನಮ್ಮ ಮನೆಯ ಕಾಗದದಲ್ಲಿ ಅಮ್ಮಿಯ ಹೆಸರು ಎಲ್ಲಿಯೂ ಇಲ್ಲ.

ನಾನು ಓದಿ ಹೇಳಿದ ಕಾಗದ

ಕಳೆದ ವರ್ಷ ಬಕ್ರೀದ್ ಆದ ಮೇಲೆ ಅಮ್ಮಿಯ ಜೊತೆ ನಾನು ಮೊಳಕಾಲ್ಮುರಿಗೆ ಹೋಗಿದ್ದೆ. ನಾನಾ ತೀರಿಹೋಗಿ ಎರಡು ವರ್ಷವಾಗಿತ್ತು. ನಾನಾ ಕಟ್ಟಿಸಿದ ಮನೆಯನ್ನು ಮಾಮುವಿನ ಹೆಸರಿಗೆ ಮಾಡಬೇಕಿತ್ತು. ನಾನಿ, ಅಮ್ಮಿ, ಖಾಲಾ ಮೂವರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಆದ್ದರಿಂದ ಪತ್ರವನ್ನು ಓದಿ ಉರ್ದುವಿನಲ್ಲಿ ಹೇಳುವ ಕೆಲಸ ನನ್ನದಾಯಿತು. ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ತಮ್ಮ ಹಕ್ಕನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಅದರಲ್ಲಿತ್ತು. ನಾನು ತಡವರಿಸದೆ ಓದಿದೆ. ಎಲ್ಲರೂ ‘ಲಡ್ಕಾ ಹುಷಾರ್ ಹೈ’ ಎಂದರು. ನನಗೆ ಹೆಮ್ಮೆಯಾಯಿತು.

ಬಸ್ಸಿನಲ್ಲಿ ಬರುವಾಗ ನಾನು ಅಮ್ಮಿಯನ್ನು ಕೇಳಿದೆ, ‘ನಿಮಗೆ ಪಾಲು ಬೇಡವಾಗಿತ್ತಾ?’ ಅಮ್ಮಿ ಕಿಟಕಿಯ ಕಡೆ ನೋಡುತ್ತಾ ‘ಹಿಸ್ಸಾ ನಕ್ಕೋ ಬೇಟಾ, ರಿಶ್ತಾ ಹೋನಾ’ ಎಂದರು. ಪಾಲು ಬೇಡ, ಸಂಬಂಧ ಬೇಕು. ಮಡಿಲಲ್ಲಿ ಮಾಮು ಕೊಟ್ಟ ಹೊಸ ಮೊಳಕಾಲ್ಮುರು ಸೀರೆ ಇತ್ತು. ಖಾಲಾಗೂ ಒಂದು ಕೊಟ್ಟಿದ್ದರು.

ಮಾಮು ಕೆಟ್ಟವರಲ್ಲ. ನಾನಾ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಕೂತವರು ಅವರೇ. ನಾನಿಯನ್ನು ನೋಡಿಕೊಳ್ಳುತ್ತಿರುವವರೂ ಅವರೇ. ಯಾರೂ ಜೋರು ಮಾಡಲಿಲ್ಲ, ಯಾರೂ ಅಳಲಿಲ್ಲ. ಆದರೆ ಯೋಚಿಸಿ ನೋಡಿ. ಪಾಲು ಬೇಕೋ ಸಂಬಂಧ ಬೇಕೋ ಎಂಬ ಪ್ರಶ್ನೆಯನ್ನು ಮಾಮುವಿಗೆ ಯಾರೂ ಕೇಳಲಿಲ್ಲ. ಅವರಿಗೆ ಎರಡೂ ಸಿಕ್ಕವು. ಒಂದನ್ನು ಆರಿಸಿಕೊಳ್ಳಬೇಕಾದದ್ದು ಅಮ್ಮಿ ಮತ್ತು ಖಾಲಾ ಮಾತ್ರ. ಲೂಕ್ಸ್ ಹೇಳಿದ ಮೂರನೇ ಮುಖ ಇದೇ.

ನಮ್ಮ ಧರ್ಮ ಏನು ಹೇಳುತ್ತದೆ? ಸೂರಾ ಅನ್‌ನಿಸಾದ ಏಳನೇ ಆಯತ್ತು ತಂದೆತಾಯಿ ಮತ್ತು ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಅದು ಸ್ವಲ್ಪವಿರಲಿ ಹೆಚ್ಚಿರಲಿ ಎಂದು ತಿಳಿಸುತ್ತದೆ. ಹನ್ನೊಂದು ಮತ್ತು ಹನ್ನೆರಡನೇ ಆಯತ್ತುಗಳಲ್ಲಿ ಅಳತೆಯೂ ಇದೆ. ನಾನಾರ ಮನೆಯ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಲೆಕ್ಕಕ್ಕೆ 24 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಮಕ್ಕಳಿರುವುದರಿಂದ ನಾನಿಗೆ ಎಂಟರಲ್ಲಿ ಒಂದು ಪಾಲು, ಅಂದರೆ 3 ಲಕ್ಷ. ಉಳಿದ 21 ಲಕ್ಷದಲ್ಲಿ ಮಗನಿಗೆ ಎರಡು ಭಾಗ, ಒಬ್ಬೊಬ್ಬ ಮಗಳಿಗೆ ಒಂದೊಂದು ಭಾಗ. ಮಾಮುವಿಗೆ 10 ಲಕ್ಷದ 50 ಸಾವಿರ, ಅಮ್ಮಿಗೆ 5 ಲಕ್ಷದ 25 ಸಾವಿರ, ಖಾಲಾಗೆ 5 ಲಕ್ಷದ 25 ಸಾವಿರ. ಒಟ್ಟು 24 ಲಕ್ಷ, ಲೆಕ್ಕ ಸರಿಹೋಯಿತು. ನಿಜದಲ್ಲಿ ಮೂವರು ಹೆಂಗಸರಿಗೆ ಸಿಕ್ಕಿದ್ದು ಎರಡು ಸೀರೆ.

ಮಗನಿಗೆ ಎರಡು, ಮಗಳಿಗೆ ಒಂದು ಯಾಕೆ ಎಂದು ಕೇಳುವವರಿದ್ದಾರೆ. ಮನೆ ನಡೆಸುವ ಹೊಣೆ, ಮಹರ್ ಕೊಡುವ ಹೊಣೆ ಗಂಡಸಿನದು, ಅದಕ್ಕೆ ಎಂದು ಉಲಮಾ ಕಾರಣ ಕೊಡುತ್ತಾರೆ. ನನ್ನ ಪ್ರಶ್ನೆ ಅದಕ್ಕಿಂತ ಮೊದಲಿನದು. ಆ ಒಂದು ಪಾಲಾದರೂ ಕೈಸೇರಿದೆಯೇ? ನಮಾಜಿನಲ್ಲಿ ಒಂದು ರಕಾತ್ ಬಿಟ್ಟರೆ ಹಿರಿಯರು ತಿದ್ದುತ್ತಾರೆ. ಹೆಣ್ಣುಮಕ್ಕಳ ಪಾಲು ಬಿಟ್ಟುಹೋದಾಗ ಎಷ್ಟು ಜನ ತಿದ್ದುತ್ತಾರೆ? ಹಜರತ್ ಖದೀಜಾ ಅವರು ಸ್ವಂತ ಬಂಡವಾಳದಿಂದ ವ್ಯಾಪಾರ ನಡೆಸಿದವರು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಬಂಡವಾಳವೇ ಕೈಗೆ ಬಾರದಂತೆ ಮಾಡಿದರೆ ಯಾರು ವ್ಯಾಪಾರ ನಡೆಸುತ್ತಾರೆ? ಪ್ರವಾದಿಯವರು (ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು ಎಂದು ಹಜರತ್ ಆಯಿಷಾ ಅವರು ಹೇಳಿದ್ದು ಹದೀಸಿನಲ್ಲಿದೆ. ನನ್ನ ಹದಿನೆಂಟು ನಿಮಿಷವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಯಾಗುತ್ತದೆ.

ಇದು ನಮ್ಮ ಸಮುದಾಯದ ಕಥೆ ಮಾತ್ರವಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. ನನ್ನ ಬೆಂಚಿನ ಗೆಳೆಯನ ತಾಯಿಯೂ ತವರಿನ ಹೊಲಕ್ಕೆ ಇಂಥದೇ ಪತ್ರಕ್ಕೆ ಸಹಿ ಹಾಕಿದ್ದಾರೆ. ಅವರು ಹೇಳಿದ ಮಾತು, ‘ತವರಿನ ಬಾಗಿಲು ಮುಚ್ಚಬಾರದಲ್ಲಪ್ಪ.’ ಭಾಷೆ ಬೇರೆ, ಕಾನೂನು ಬೇರೆ, ಧರ್ಮ ಬೇರೆ. ಸಹಿ ಒಂದೇ.

ಯಜಮಾನ ಮತ್ತು ಯಜಮಾನಿ

ಅಧಿಕಾರ ಮಾತಿನಲ್ಲೂ ಇರುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ಅಬ್ಬಾಗೆ ‘ಆಪ್’, ಅಮ್ಮಿಗೆ ‘ತೂ’. ಕನ್ನಡದ ಗೆಳೆಯರೂ ‘ಅಪ್ಪ ಬಂದ್ರು, ಅಮ್ಮ ಬಂದ್ಲು’ ಎನ್ನುತ್ತಾರೆ. ಗಂಡನನ್ನು ‘ನಮ್ಮ ಯಜಮಾನರು’ ಎನ್ನುತ್ತಾರೆ. ಈ ಲೇಖನದಲ್ಲಿ ಅಮ್ಮಿಗೆ ‘ಅಂದರು, ಹೇಳಿದರು’ ಎಂದೇ ಬರೆದಿದ್ದೇನೆ. ಮೊದಲ ಸಲ ಬರೆಯುವಾಗ ಕೈ ತಡೆಯಿತು ಎಂಬುದೂ ನಿಜ.

ಸರ್ಕಾರ ಈ ಪದವನ್ನು ತಿರುಗಿಸಲು ನೋಡಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ 18 ವರ್ಷ ದಾಟಿದ ಹಿರಿಯ ಮಹಿಳೆಯೇ ಮನೆಯ ಮುಖ್ಯಸ್ಥೆ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಪಂಚಾಯತಿಗಳಲ್ಲಿ ನಮ್ಮ ರಾಜ್ಯ 1983ರ ಕಾನೂನಿನಲ್ಲೇ ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತು. ಸಂವಿಧಾನದ 73ನೇ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ಮೂರರಲ್ಲೊಂದು ಮಾಡಿತು. 2010ರಲ್ಲಿ ಕರ್ನಾಟಕ ಅರ್ಧಕ್ಕೆ ಏರಿಸಿತು. ಮೀಸಲಾತಿ ಇಲ್ಲದ ವಿಧಾನಸಭೆಯಲ್ಲಿ ಏನಾಗಿದೆ? 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಜನ. ಬಾಗಿಲು ತಾನಾಗಿ ತೆರೆಯುವುದಿಲ್ಲ ಎಂದು ಇದರಿಂದ ಗೊತ್ತಾಗುತ್ತದೆ.

ಬಾಗಿಲು ತೆರೆದರೂ ಒಳಗೆ ಹೋಗುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಅಧ್ಯಕ್ಷೆಯ ಬದಲು ಅವರ ಗಂಡ ಸಭೆ ನಡೆಸುವುದನ್ನು ನಾವು ಟೀಕಿಸುತ್ತೇವೆ. ಆದರೆ ನಮ್ಮ ಮನೆಯ ಯಜಮಾನಿಯ ಎಟಿಎಂ ಕಾರ್ಡ್ ಒಂದೂವರೆ ವರ್ಷದಿಂದ ನನ್ನ ಪರ್ಸಿನಲ್ಲಿತ್ತು. ಪಿನ್ ನನ್ನ ಹುಟ್ಟಿದ ವರ್ಷ. ಅಮ್ಮಿಗೆ ಹಣ ಬೇಕಾದಾಗ ನನ್ನನ್ನು ಕೇಳುತ್ತಿದ್ದರು. ನಾನು ಆಡುತ್ತಿದ್ದರೆ ‘ಆಮೇಲೆ’ ಎನ್ನುತ್ತಿದ್ದೆ.

ಕೆಲವು ಆಕ್ಷೇಪಗಳು

ಈ ವಿಷಯ ತರಗತಿಯಲ್ಲಿ ಮಂಡಿಸಿದಾಗ ಗೆಳೆಯರು ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಒಂದು, ಗಂಡಸರೂ ಕಷ್ಟಪಡುವುದಿಲ್ಲವೇ? ಖಂಡಿತ ಪಡುತ್ತಾರೆ. ಅಬ್ಬಾ ಜ್ವರವಿದ್ದರೂ ಗಿರಣಿಗೆ ಹೋಗುತ್ತಾರೆ. ಗಂಡಸು ಅಳಬಾರದು, ಸಾಲವನ್ನು ಒಬ್ಬನೇ ತೀರಿಸಬೇಕು ಎಂಬುದೂ ಇದೇ ವ್ಯವಸ್ಥೆ ಹಾಕಿದ ಹೊರೆ. ಅಮ್ಮಿಗೆ ಸಿಗಬೇಕಾದ ಪಾಲು ಸಿಕ್ಕಿದ್ದರೆ ಅಬ್ಬಾ ಮೇಲಿನ ಭಾರವೂ ಇಳಿಯುತ್ತಿತ್ತು.

ಎರಡು, ನಿಮ್ಮ ಅಬ್ಬಾ ಒಳ್ಳೆಯವರಲ್ಲವೇ, ಮತ್ತೇನು ತೊಂದರೆ? ಅಬ್ಬಾ ಬಹಳ ಒಳ್ಳೆಯವರು. ಕೇಳಿದರೆ ಇಲ್ಲ ಎನ್ನುವುದು ಕಡಿಮೆ. ಆದರೆ ಕೇಳಬೇಕಾದವರು ಯಾವಾಗಲೂ ಅಮ್ಮಿ ಮತ್ತು ಬಾಜಿ, ಹೇಳಬೇಕಾದವರು ಯಾವಾಗಲೂ ಅಬ್ಬಾ. ಒಳ್ಳೆಯತನ ಒಬ್ಬ ಮನುಷ್ಯನ ಗುಣ. ಅಧಿಕಾರ ಒಂದು ಜಾಗ. ಒಳ್ಳೆಯವರು ಕೂತಿದ್ದಾರೆ ಎಂದು ಜಾಗ ಸರಿಯಾಗುವುದಿಲ್ಲ. ಆ ಜಾಗದಲ್ಲಿ ನಾಳೆ ಕೂರುವವನು ನಾನು.

ಅಭ್ಯಾಸಕ್ಕೆ

ಓದುಗರು ತಮ್ಮ ಮನೆಯಲ್ಲಿ ಮಾಡಿ ನೋಡಬಹುದಾದ ನಾಲ್ಕು ಕೆಲಸಗಳು:

1. ಒಂದು ವಾರ ಎಲ್ಲರ ಸಮಯದ ಲೆಕ್ಕ ಬರೆಯಿರಿ. ನಿಮ್ಮದನ್ನು ಮೊದಲು ಬರೆಯಿರಿ.

2. ಮನೆಯ ಕಾಗದ, ಬ್ಯಾಂಕ್ ಖಾತೆ, ಗಾಡಿ, ಗ್ಯಾಸ್ ಸಂಪರ್ಕ ಯಾರ ಹೆಸರಿನಲ್ಲಿವೆ? ಕಾರ್ಡ್, ಪಿನ್, ಕೀಲಿಕೈ ಯಾರ ಬಳಿ ಇವೆ? ಎರಡು ಪಟ್ಟಿಗಳನ್ನೂ ಹೋಲಿಸಿ.

3. ತಾಯಿಗೆ, ಅಜ್ಜಿಗೆ ತವರಿನಲ್ಲಿ ಎಷ್ಟು ಪಾಲು ಬರಬೇಕಿತ್ತು, ಎಷ್ಟು ಬಂತು? ಕೇಳಿ ತಿಳಿಯಿರಿ.

4. ಮನೆಯಲ್ಲಿ ಕಳೆದ ಒಂದು ವರ್ಷದಲ್ಲಿ ಆದ ಮೂರು ದೊಡ್ಡ ತೀರ್ಮಾನಗಳನ್ನು ಬರೆಯಿರಿ. ಯಾರು ಕೇಳಿದರು, ಯಾರು ಹೇಳಿದರು?

ಕೊನೆಯದಾಗಿ

ನಾನು ಮಾಡಿದ್ದು ಬಹಳ ಸಣ್ಣದು. ಕಾರ್ಡನ್ನು ಅಮ್ಮಿಗೆ ಕೊಟ್ಟೆ. ಎರಡು ಸಲ ಜೊತೆಗೆ ಹೋಗಿ ತೋರಿಸಿದೆ, ಮೂರನೇ ಸಲ ಅವರೇ ಹಣ ತೆಗೆದರು. ಪಿನ್ ಬದಲಾಯಿಸಿದ್ದಾರೆ, ಯಾವುದೆಂದು ನನಗೆ ಹೇಳಿಲ್ಲ. ರಾತ್ರಿಯ ಪಾತ್ರೆ ಈಗ ನನ್ನದು. ಮೊದಲ ದಿನ ದಾದಿ ‘ಲಡ್ಕೇಕೆ ಹಾಥ್ ಮೇ ಬರ್ತನ್?’ ಎಂದು ಅಮ್ಮಿಯ ಮೇಲೆ ರೇಗಿದರು. ಈಗ ಸುಮ್ಮನಿದ್ದಾರೆ.

ದೊಡ್ಡದು ಇನ್ನೂ ಹಾಗೆಯೇ ಇದೆ. ‘ಈ ಮನೆ ನಿಂದೇ’ ಎಂದು ಅಬ್ಬಾ ನನಗೆ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾರೆ. ಈ ಲೇಖನ ಕೊಡುವ ಮೊದಲು ಅವರಿಗೆ ಓದಿ ಹೇಳಿದೆ. ಅವರು ಪಾಲಿನ ಲೆಕ್ಕ ಬಂದಲ್ಲಿ ತಡೆದು, ಪೆನ್ನು ತೆಗೆದುಕೊಂಡು ಹಾಳೆಯ ಅಂಚಿನಲ್ಲಿ ತಾವೇ ಒಮ್ಮೆ ಲೆಕ್ಕ ಹಾಕಿದರು. ‘ಲೆಕ್ಕ ಸರಿ ಇದೆ’ ಎಂದರು. ಅಷ್ಟೇ ಹೇಳಿ ಇಶಾ ನಮಾಜಿಗೆ ಹೊರಟರು. ಬಾಜಿ ಮಾತ್ರ ನನ್ನನ್ನು ನೋಡಿ ‘ಇನ್ನು ಹತ್ತು ವರ್ಷ ಬಿಟ್ಟು ನೀನೇ ಕಾಗದ ಹಿಡ್ಕೊಂಡು ಬರ್ತೀಯ, ನೋಡ್ತಿರು’ ಎಂದರು.

ಬಾಜಿ ಹಾಗೆ ಹೇಳಿದ್ದರಿಂದಲೇ ಇದನ್ನು ಇಲ್ಲಿ ಅಚ್ಚಿಗೆ ಕೊಡುತ್ತಿದ್ದೇನೆ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಬರೆದದ್ದು ದಾಖಲೆ ಎಂದು ನಮಗೆ ಮೊದಲ ವರ್ಷದಲ್ಲೇ ಕಲಿಸಿದ್ದಾರೆ. ಬಾಜಿಯ ಪಾಲು ಬಾಜಿಯದು, ಅದನ್ನು ಬಿಟ್ಟುಕೊಡಿ ಎಂದು ನಾನು ಯಾವತ್ತೂ ಕೇಳುವುದಿಲ್ಲ. ಕೇಳಿದರೆ, ಈ ಸಂಚಿಕೆಯನ್ನು ತೆಗೆದಿಟ್ಟುಕೊಂಡವರು ಯಾರಾದರೂ ದಯವಿಟ್ಟು ತಂದು ನನಗೆ ತೋರಿಸಿ.